ಯಾರ ಕಡೆಯವಳು?

"ಉಸ್ತಾದ್ರೆ, ಹಿಂದೆ ಮುಂದೆ ಯಾರೂ ಇಲ್ದಿರೋ ಹುಡುಗ್ರ ಜವಾಬ್ದಾರಿ ಊರೋರು ಹೊತ್ಕೊಂಡ್ರೆ ಊರಿಗೇ ನಷ್ಟ ಅಲ್ವಾ?" ಅಂತ ಗರಡಿಯಲ್ಲಿ ಶಿಷ್ಯ ಕೇಳ್ದ. ಉಸ್ತಾದ್ ಚಿಕ್ಕಮಾದಯ್ಯ ಮೀಸೆ ತಿರುವಿ ಶುರು ಮಾಡ್ದ.

ಈ ಗರಡಿ ಮಣ್ಣಾಣೆಗೂ ನಡೆದಿದ್ದು ಕಣೋ ಇದು. ಸುಳ್ಳಾದ್ರೆ ನನ್ ಮೀಸೆ ಬೋಳಿಸು.

ಬಾಲಮಂದಿರದಲ್ಲಿ ಬೆಳೆದ ಒಂದು ಹುಡುಗಿ. ಹದಿನೆಂಟು ತುಂಬ್ತು, ರೂಲ್ಸು ಅಂತ ಆಚೆ ಕಳಿಸಿದ್ರು. ಮೋಟರು ವೈಂಡಿಂಗ್ ಕಲ್ತಿದ್ಲು. ಒಬ್ಬ ಅಂಗಡಿಯವನು ಕೆಲಸ ಕೊಡ್ತೀನಿ ಅಂದ, ಆದ್ರೆ ಸಂಜೆಯೊಳಗೆ ಇರೋಕೊಂದು ಜಾಗ ತೋರ್ಸು ಅಂದ. ಎಲ್ಲಿ ರೂಮು ಕೇಳಿದ್ರೂ ಒಂದೇ ಮಾತು, ಯಾರ ಕಡೆಯವಳಮ್ಮ ನೀನು? ಅವಳು ಬಾಯಿ ತೆಗೆಯೋದ್ರೊಳಗೆ ಬಾಗಿಲು ಹಾಕ್ಕೊಳೋರು.

ಸುಸ್ತಾಗಿ ಮಾರ್ಕೆಟ್ಟಲ್ಲಿ ಒಬ್ಬ ಹೂವಿನ ಮುದುಕನ ಅಂಗಡಿ ಮುಂದೆ ಕೂತ್ಲು. ಆ ಮುದುಕ ಅಂತಿಂಥ ಆಳಲ್ಲ. ಅವನು ಎದ್ದು ನಿಂತ್ರೆ ಅಂಗಡಿಗೆ ಬೇರೆ ನೆರಳು ಬೇಕಿರ್ಲಿಲ್ಲ. ಅವನೂ ರೂಢಿ ಮೇಲೆ ಅದನ್ನೇ ಕೇಳ್ಬಿಟ್ಟ.

"ಯಾರ ಕಡೆಯವಳವ್ವ?"

"ಬರೀ ಕಡೆಯವಳು ತಾತ. ಎಲ್ರಿಗಿಂತ ಕಡೆಯವಳು."

ಜೀವಮಾನದಲ್ಲಿ ಆ ಮುದುಕನ ಬೆನ್ನು ನೆಲ ಮುಟ್ಟಿರ್ಲಿಲ್ಲ. ಅಷ್ಟು ಮಾತಿಗೆ ಚಿತ್ ಆದ.

ತಕ್ಕಡಿ ಬಿಟ್ಟು ಎದ್ದ. ಅವನ ಗಂಟಲು ಗೊತ್ತಲ್ಲ, ಒಂದು ಸಲ ಕೂಗಿದ್ದಕ್ಕೆ ಸೊಪ್ಪಿನವಳು, ಕಟಿಂಗ್ ಶಾಪಿನವನು, ಆಟೋದವರು ಎಲ್ಲಾ ಹಿಂದೆ ಬಂದ್ರು. ಮೊದಲು ಬಾಗಿಲು ಹಾಕ್ಕೊಂಡ ಮನೆಗೇ ಹೋದ್ರು. ಯಜಮಾನ ಮತ್ತೆ ಅದೇ ರಾಗ ತೆಗೆದ, ಯಾರ ಕಡೆಯವಳು ಅಂತ.

"ನಮ್ಮ ಕಡೆಯವಳು," ಅಂದ ಮುದುಕ. "ಬಾಡಿಗೆ ನಿಂತ್ರೂ ಮಾರ್ಕೆಟ್ಟಿಗೆ ಬಾ, ಇವಳಿಗೆ ಜ್ವರ ಬಂದ್ರೂ ಮಾರ್ಕೆಟ್ಟಿಗೇ ಬಾ."

ಹಿಂದೆ ನಿಂತಿದ್ದವರ ಮುಖ ನೋಡಿ ಯಜಮಾನ ಬೀಗದಕೈ ಕೊಟ್ಟ.

ಇವತ್ತು ಮಾರ್ಕೆಟ್ಟಿನ ಎದುರಿಗೆ ಅವಳದೇ ವೈಂಡಿಂಗ್ ಅಂಗಡಿ. ಬೋರಿನ ಮೋಟರು ಸುಟ್ರೆ ಅದೇ ಯಜಮಾನ ಅಕ್ಕಾ ಅಂತ ಬಂದು ನಿಲ್ತಾನೆ. ಬಾಲಮಂದಿರದಿಂದ ಯಾರು ಆಚೆ ಬರ್ಲಿ, ಈಗ ಮಾರ್ಕೆಟ್ಟೇ ಗೇಟಿಗೆ ಹೋಗಿ ಕರ್ಕೊಂಡು ಬರುತ್ತೆ. ಎಲ್ರಿಗಿಂತ ಮುಂದೆ ಅವಳು. ಯಾರ ಕಡೆಯವರು ಅಂತ ಕೇಳೋ ಗಂಡು ಆ ಊರಲ್ಲಿ ಇನ್ನೂ ಹುಟ್ಟಿಲ್ಲ.

ಹಂಗಾದ್ರೆ ನಷ್ಟ ಅನ್ನೋದೇ ಆಗ್ಲಿಲ್ವಾ ಅಂತ ಶಿಷ್ಯ ಬಿಡದೆ ಕೇಳ್ದ.

"ಆಗದೆ ಏನು? ನಾವು ಆ ಬೀಗದಕೈ ತರೋಕೆ ಹೋಗಿದ್ದಾಗ ಒಂದು ಹಸು ನನ್ನ ಸೇವಂತಿಗೆ ಬುಟ್ಟಿಗೆ ಬಾಯಿ ಹಾಕ್ತು. ನೂರಾ ನಲವತ್ಮೂರು ರೂಪಾಯಿ."