ಐದು ಚಕ್ಕುಲಿಯ ರೂಮು

ಒಂದಾನೊಂದು ಊರಿನಲ್ಲಿ, ಇಡೀ ಊರಿನಲ್ಲಲ್ಲ, ಅರ್ಧ ಊರಿನಲ್ಲಿ, ಯಾಕೆಂದರೆ ಇನ್ನರ್ಧ ಊರು ಉಂಡು ಮಲಗಿತ್ತು, ಎಚ್ಚರವಿದ್ದ ಆ ಅರ್ಧದಲ್ಲಿ ಚೌಡಮ್ಮ ಅಂತ ಒಬ್ಬಳಿದ್ದಳು. ಚಕ್ಕುಲಿ ಮಾಡಿ ಮಾರುವವಳು. ಚಕ್ಕುಲಿ ಕೊಟ್ಟು ಇಟ್ಟಿಗೆ ತಂದಳು. ಚಕ್ಕುಲಿ ಕೊಟ್ಟು ಹೆಂಚು ತಂದಳು. ಚಕ್ಕುಲಿ ಕೊಟ್ಟು ಬಾಗಿಲು ತಂದಳು. ಹೇಳಿದ ಬೆಲೆಯ ಮೇಲೆ ಒಂದು ಚೂರು ಚಕ್ಕುಲಿಯನ್ನೂ ಯಾರಿಗೂ ಹೆಚ್ಚಿಗೆ ಕೊಟ್ಟವಳಲ್ಲ. ಹೀಗೆ ಒಬ್ಬಳೇ ನಿಂತು ಮನೆ ಕಟ್ಟಿದಳು. ಗಾರೆ ಕಲಸುವಾಗ ಸುಣ್ಣ ಸ್ವಲ್ಪ ಕಡಿಮೆ ಬಿತ್ತು. ಅವಳು ಅದಕ್ಕೆ ತನ್ನ ಹಟವನ್ನೇ ಬೆರೆಸಿದಳು. ಗಾರೆ ಕಲ್ಲಿನ ಹಾಗೆ ಕೂತಿತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಮನೆಯಲ್ಲಿ ಅವಳ ಗಂಡ ಮರಿಯಪ್ಪ ಇದ್ದ. ಅತ್ತೆ ಕಾಳಮ್ಮ ಇದ್ದಳು, ಬಾಯಲ್ಲಿ ಹಲ್ಲಿರಲಿಲ್ಲ. ಮಗಳು ಚೆಲುವಿ ಇದ್ದಳು, ಅವಳಿಗೆ ಮುಂದಿನ ಎರಡು ಹಲ್ಲಿರಲಿಲ್ಲ.

ಚೌಡಮ್ಮನಿಗೆ ಒಂದೇ ಒಂದು ಆಸೆ. ಬೇರೆ ಯಾರೋ ಬೇಯಿಸಿದ ಅನ್ನ ಉಣ್ಣಬೇಕು. ಬೇರೆ ಯಾರೋ ಹಾಸಿದ ಹಾಸಿಗೆಯ ಮೇಲೆ ಒಂದು ರಾತ್ರಿ ಮಲಗಬೇಕು. ಕಣ್ಣು ಮುಚ್ಚುವ ಮೊದಲು ಯಾರಾದರೂ "ಊಟ ಆಯ್ತಾ?" ಅಂತ ಕೇಳಬೇಕು. ಮದುವೆಯಾದಾಗಿನಿಂದ ಬೇಯಿಸುವವಳೂ ಅವಳೇ, ಹಾಸುವವಳೂ ಅವಳೇ, ಕೇಳುವವಳೂ ಅವಳೇ.

"ರೀ, ಸಮುದ್ರ ನೋಡಿಕೊಂಡು ಬರೋಣ. ಒಂದು ರಾತ್ರಿ ಲಾಡ್ಜಿನಲ್ಲಿ ಇರೋಣ," ಅಂದಳು.

"ಸರಿ ಕಣೇ," ಅಂದ ಮರಿಯಪ್ಪ. ಮನೆಗೆ ಬೀಗ ಹಾಕಿ, ಬುತ್ತಿ ಕಟ್ಟಿಕೊಂಡು, ಒಂದು ಡಬ್ಬಿ ಚಕ್ಕುಲಿ ಹಿಡಿದುಕೊಂಡು ನಾಲ್ವರೂ ಹೊರಟರು.

ಈಗ ಆ ರಾಜ್ಯದ ರಾಜನ ವಿಷಯ ಹೇಳಬೇಕು. ಅವನಿಗೆ ಯುದ್ಧ ಬೇಡ, ಆನೆ ಬೇಡ, ಬಂಗಾರ ಬೇಡ. ಖಾಲಿ ಹಾಸಿಗೆ ಕಂಡರೆ ಮಾತ್ರ ಅಳು ಬರುತ್ತಿತ್ತು. "ಪಾಪ, ಅದಕ್ಕೆ ಯಾರೂ ಇಲ್ಲವಲ್ಲ!" ಅಂತ ಗೊಳೋ ಅಂತ ಅಳುತ್ತಿದ್ದ. ಅತ್ತು ಅತ್ತು ಅವನ ಹಾಸಿಗೆ ಒದ್ದೆ. ಒದ್ದೆ ಹಾಸಿಗೆಯಲ್ಲಿ ಮಲಗುವುದು ಹೇಗೆ? ಅವನು ಎದ್ದು ಬಂದರೆ ಅವನ ಹಾಸಿಗೆಯೂ ಖಾಲಿ. ಅದನ್ನು ನೋಡಿ ಇನ್ನಷ್ಟು ಅಳು. ಕೊನೆಗೆ ಡಂಗುರ ಹೊಡೆಸಿದ: "ದೀಪ ಹಚ್ಚುವ ಹೊತ್ತಿಗೆ ನನ್ನ ರಾಜ್ಯದಲ್ಲಿ ಒಂದು ಹಾಸಿಗೆಯೂ ಖಾಲಿ ಇರಕೂಡದು. ಹಾಸಿಗೆ ಖಾಲಿ ಇರುವ ಜಾಗವೆಲ್ಲ ಲಾಡ್ಜು. ಲಾಡ್ಜೆಲ್ಲ ಹರಾಜು. ಹರಾಜೆಲ್ಲ ಆನ್‌ಲೈನು."

ಅಂದಿನಿಂದ ಆ ರಾಜ್ಯದ ಫೋನುಗಳೆಲ್ಲ ಮಾತಾಡತೊಡಗಿದವು. ಫೋನು ಮಾತಾಡುವುದೇನು ದೊಡ್ಡದು ಅಂತೀರಾ? ಆ ಕಡೆ ಯಾರೂ ಇಲ್ಲದಾಗಲೂ ಮಾತಾಡುತ್ತಿದ್ದವು.

ಊರ ಹೊರಗೆ ಬಂದು ಚೌಡಮ್ಮ ತನ್ನ ಫೋನು ತೆಗೆದಳು.

"ನಮಸ್ಕಾರ," ಅಂದಿತು ಫೋನು. "ತಮಗೆ ಬೇಕಾದ ಜಾಗ ಹೇಳಿ, ನಕ್ಷತ್ರ ಹೇಳಿ, ಜನ ಹೇಳಿ, ಬೆಲೆ ಹೇಳಿ. ಯಾವ ಲಾಡ್ಜು ಅಂತ ಮಾತ್ರ ಕೇಳಬೇಡಿ. ಒಪ್ಪಿಗೆಯಾದ ಮೇಲೆ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಒಲ್ಲೆ ಅನ್ನುವಂತಿಲ್ಲ."

"ಸಮುದ್ರದ ದಂಡೆ. ಐದು ನಕ್ಷತ್ರ. ನಾಲ್ಕು ಜನ. ಐದು ಚಕ್ಕುಲಿ."

ಫೋನು ಸ್ವಲ್ಪ ಹೊತ್ತು ಗುಂಯ್‌ಗುಟ್ಟಿತು. "ಕ್ಷಮಿಸಿ. ಒಪ್ಪಿಗೆಯಾಗಿಲ್ಲ. ಕೇಳಿದ್ದನ್ನೇ ಮತ್ತೆ ಕೇಳುವಂತಿಲ್ಲ. ಏನಾದರೂ ಬದಲಾಯಿಸಿಕೊಂಡು ಬನ್ನಿ. ಬೆಲೆ ಬದಲಾಯಿಸುವಿರಾ?"

"ಬೆಲೆ ಮುಟ್ಟಬೇಡ. ಬೇರೆ ಏನು ಬೇಕಾದರೂ ಬದಲಾಯಿಸು. ನಕ್ಷತ್ರ ಒಂದು ಸಾಕು."

ಕೂಡಲೇ ನಾಲ್ಕು ನಕ್ಷತ್ರ ಕೆಲಸ ಬಿಟ್ಟು ಮನೆಗೆ ಹೋದವು. ಐದನೆಯದು ಮೇಲಿನಿಂದ ಇಳಿದು ಬಂದು ಕರುವಿನ ಹಾಗೆ ಅವರ ಹಿಂದೆ ನಡೆಯತೊಡಗಿತು.

"ಹಗಲು ಹೊತ್ತು, ನನಗೆ ನಾಚಿಕೆ ಆಗುತ್ತೆ," ಅಂದಿತು. ಚೆಲುವಿ ಅದರ ತಲೆಗೆ ಟವೆಲ್ ಹೊದಿಸಿದಳು.

"ಒಂದು ನಕ್ಷತ್ರ. ಐದು ಚಕ್ಕುಲಿ," ಅಂದಳು ಚೌಡಮ್ಮ.

"ಕ್ಷಮಿಸಿ. ಏನಾದರೂ ಬದಲಾಯಿಸಿಕೊಂಡು ಬನ್ನಿ."

"ಸಮುದ್ರ ಬೇಡ. ಹೊಳೆ ದಂಡೆ."

"ಸಮುದ್ರ ನೋಡಬೇಕು ಅಂತ ಹೊರಟಿದ್ದಲ್ಲವೇನೇ?" ಅಂದ ಮರಿಯಪ್ಪ.

"ಹೊಳೆ ಹೋಗುವುದೆಲ್ಲಿಗೆ? ಸಮುದ್ರಕ್ಕೇ ತಾನೇ? ಸಮುದ್ರದ ಮೊದಲ ತುಂಡನ್ನು ನೋಡೋಣ. ತಿರುಗಿ."

ಎಲ್ಲರೂ ತಿರುಗಿದರು. ನಕ್ಷತ್ರವೂ ತಿರುಗಿತು. ಹೊಳೆಯೂ ಒಪ್ಪಲಿಲ್ಲ.

"ಐದು ವರ್ಷದೊಳಗಿನವರಿಗೆ ಪುಕ್ಕಟೆ," ಅಂತ ಫೋನು ತಾನಾಗಿ ಹೇಳಿತು. "ತಮ್ಮಲ್ಲಿ ಯಾರಾದರೂ ಇದ್ದಾರೆಯೇ?"

ಚೌಡಮ್ಮ ಎಲ್ಲರನ್ನೂ ಒಮ್ಮೆ ನೋಡಿದಳು. "ನಮ್ಮತ್ತೆ ಇದ್ದಾರೆ."

"ಹಲ್ಲು ಬಂದಿವೆಯೇ?"

"ಒಂದೂ ಇಲ್ಲ."

"ತಾನೇ ನಡೆಯುತ್ತದೆಯೇ?"

"ಕೈ ಹಿಡಿದುಕೊಂಡರೆ ನಡೆಯುತ್ತಾರೆ."

"ರಾತ್ರಿ ಏಳುತ್ತದೆಯೇ?"

"ದಿನಾ ಏಳುತ್ತಾರೆ. ನನ್ನನ್ನೂ ಎಬ್ಬಿಸುತ್ತಾರೆ."

"ಐದು ವರ್ಷದೊಳಗೆ ಅಂತ ಬರೆದುಕೊಂಡಿದ್ದೇನೆ," ಅಂದಿತು ಫೋನು.

ಕಾಳಮ್ಮನಿಗೆ ಇದು ಬಹಳ ಹಿಡಿಸಿತು. ಅಲ್ಲೇ ರಸ್ತೆಯಲ್ಲಿ ಕೂತು, ಕಾಲು ಬಡಿದು, "ಎತ್ಕೋ!" ಅಂತ ಮಗನ ಕಡೆ ಕೈ ಚಾಚಿದಳು. ಮರಿಯಪ್ಪ ಎತ್ತಿಕೊಂಡ. "ಬೆಲ್ಲ ಬೇಕು!" ಅಂದಳು. ಬೆಲ್ಲ ಕೊಟ್ಟ.

ಆದರೆ ಈಗ ಅತ್ತೆಯ ಜಾಗ ಖಾಲಿ ಬಿತ್ತು. ಆ ರಾಜ್ಯದಲ್ಲಿ ಯಾವುದೂ ಖಾಲಿ ಇರುವಂತಿಲ್ಲವಲ್ಲ. ಉಳಿದವಳು ಚೆಲುವಿ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಏನೇ ಚೌಡಿ, ಬುತ್ತಿಗೆ ಉಪ್ಪು ಹಾಕಿದ್ದೀಯೋ, ತವರುಮನೆಯಲ್ಲೇ ಮರೆತು ಬಂದೆಯೋ? ನಮ್ಮ ಕಾಲದಲ್ಲಿ ಹೀಗಿರಲಿಲ್ಲಮ್ಮ."

"ನಿನ್ನ ಕಾಲ ಯಾವುದೇ, ಮೊನ್ನೆ ಸೋಮವಾರವಾ?"

"ಅತ್ತೆಗೆ ಎದುರು ಮಾತಾಡ್ತಾಳೆ, ನೋಡು ಮರಿಯಪ್ಪ!" ಅಂದಳು ಚೆಲುವಿ.

ಅಷ್ಟು ಬದಲಾಯಿಸಿದರೂ ಒಪ್ಪಿಗೆ ಆಗಲಿಲ್ಲ. ಹೊಳೆ ದಂಡೆ ಹೋಗಿ ಕೆರೆ ದಂಡೆಯಾಯಿತು. ಒಪ್ಪಲಿಲ್ಲ. ಕೆರೆ ದಂಡೆ ಹೋಗಿ ಬಾವಿ ಕಟ್ಟೆಯಾಯಿತು. ಒಪ್ಪಲಿಲ್ಲ. ಪ್ರತಿ ಸಲವೂ ಎಲ್ಲರೂ ಆ ಕಡೆ ತಿರುಗಿ ನಡೆದರು. ಪ್ರತಿ ಸಲವೂ ನೀರು ಚಿಕ್ಕದಾಯಿತು, ನೆರಳು ಉದ್ದವಾಯಿತು.

"ಅಲ್ಲಯ್ಯಾ, ಇಷ್ಟು ದೊಡ್ಡ ರಾಜ್ಯದಲ್ಲಿ ಯಾರೂ ಒಪ್ಪುತ್ತಿಲ್ಲವಾ?" ಅಂತ ಚೌಡಮ್ಮ ಫೋನನ್ನು ಗದರಿಸಿದಳು.

"ಉಳಿದ ಲಾಡ್ಜುಗಳೆಲ್ಲ ಭರ್ತಿಯಾಗಿವೆ ತಾಯಿ. ಒಂದೇ ಒಂದು ಉಳಿದಿದೆ. ಅದು ಬೆಳಗಿನಿಂದ ಆರು ಚಕ್ಕುಲಿ ಬೇಕು ಅಂತ ಕೂತಿದೆ."

"ಒಂದು ಚಕ್ಕುಲಿಗೆ ಇಷ್ಟು ಹಟವಾ? ಅದನ್ನು ಕಟ್ಟಿದವರು ಎಂಥ ಜನ ಇರಬೇಕು!"

"ಒಂದೇ ತಾನೇ, ಕೊಟ್ಟುಬಿಡೇ," ಅಂದ ಮರಿಯಪ್ಪ. ಅವನ ಹೆಗಲ ಮೇಲೆ ಕಾಳಮ್ಮ ಬೆಲ್ಲದ ಜೊಲ್ಲು ಸುರಿಸುತ್ತಾ ನಿದ್ದೆ ಹೋಗಿದ್ದಳು. "ನೀನು ಒಂದು ರಾತ್ರಿ ಸುಖವಾಗಿ ಮಲಗಲಿ ಅಂತ ತಾನೇ ಬಂದಿದ್ದು?"

"ಐದು ಅಂದರೆ ಐದು. ಆರು ಕೊಟ್ಟು ಮಲಗಿದರೆ ಆ ಆರನೆಯದು ರಾತ್ರಿಯೆಲ್ಲ ನನ್ನ ಬೆನ್ನಿಗೆ ಚುಚ್ಚುತ್ತದೆ," ಅಂದಳು ಚೌಡಮ್ಮ. "ಫೋನೇ, ಇನ್ನೇನು ಉಳಿದಿದೆ ಬದಲಾಯಿಸಲು?"

"ಯಜಮಾನರ ಹೆಸರು ಮರಿಯಪ್ಪ ಅಂತಿದೆ."

"ಚೌಡಮ್ಮ ಅಂತ ಬರಿ."

"ಮನೆಯಾಕೆಯ ಹೆಸರು?"

"ಮರಿಯಪ್ಪ."

"ಲೇ, ಲೇ!" ಅಂದ ಮರಿಯಪ್ಪ. ಆದರೆ ಬರೆದಾಗಿತ್ತು. ಬುತ್ತಿಯ ಗಂಟು ತಾನಾಗಿಯೇ ಚೌಡಮ್ಮನ ಕೈಬಿಟ್ಟು ಅವನ ಕೈಗೆ ಹೋಯಿತು. ಸಾರಿಗೆ ಬೇಳೆ ನೆನೆಹಾಕಿಲ್ಲವಲ್ಲ ಅನ್ನುವ ಚಿಂತೆ ಅವನ ತಲೆಗೆ ಹೋಯಿತು. ಚೌಡಮ್ಮನ ತಲೆ ಒಮ್ಮೆಗೇ ಹಗುರಾಗಿ, ಅವಳು ಸುಮ್ಮನೆ ಆಕಾಶ ನೋಡಿದಳು. ಆಕಾಶ ಅಷ್ಟು ದೊಡ್ಡದಿತ್ತು ಅಂತ ಅವಳಿಗೆ ಗೊತ್ತೇ ಇರಲಿಲ್ಲ.

ಅದಕ್ಕೂ ಒಪ್ಪಿಗೆ ಆಗಲಿಲ್ಲ.

"ಬಾವಿ ಕಟ್ಟೆ ಬೇಡ. ಒಂದು ಬಾನಿಯ ದಂಡೆ ಸಾಕು. ಮುಖ ತೊಳೆಯುವಷ್ಟು ನೀರಿದ್ದರಾಯಿತು."

"ಬರೆದುಕೊಂಡಿದ್ದೇನೆ. ಇನ್ನು ಬದಲಾಯಿಸಲು ಏನೂ ಉಳಿದಿಲ್ಲ ತಾಯಿ. ಬೆಲೆಯೊಂದು ಬಿಟ್ಟು."

ಸಂಜೆಯಾಗಿತ್ತು. ದೂರದ ಅರಮನೆಯಲ್ಲಿ ರಾಜ ಮೂಗು ಸೊರಸೊರ ಎಳೆಯುವುದು ಕೇಳಿಸುತ್ತಿತ್ತು. ಎಲ್ಲೋ ಹಾಸಿಗೆಗಳು ಖಾಲಿ ಇವೆ ಅಂತ ಅವನಿಗೆ ಗೊತ್ತಾಗಿತ್ತು. ಚೌಡಮ್ಮ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಳು. ಕಾಲು ನೋಯುತ್ತಿತ್ತು. ಇವತ್ತು ಹೋದರೆ ಮತ್ತೆ ಯಾವತ್ತು? ನಾಳೆ ಮತ್ತೆ ಒಲೆ, ಮತ್ತೆ ಎಣ್ಣೆ, ಮತ್ತೆ ಎಲ್ಲರ ಹಾಸಿಗೆ. ಅವಳು ಆ ಕಡೆ ತಿರುಗಿ, ಯಾರೂ ನೋಡದ ಹಾಗೆ, ಡಬ್ಬಿಯ ಮುಚ್ಚಳ ತೆಗೆದಳು. ಕೈ ಒಳಗೆ ಹೋಯಿತು. ಬೆರಳು ಆರನೆಯ ಚಕ್ಕುಲಿಯನ್ನು ಮುಟ್ಟಿತು. ಅದನ್ನು ಎತ್ತಿತು.

"ಒಪ್ಪಿದೆ!" ಅಂತ ಫೋನು ಕೂಗಿತು. "ಲಾಡ್ಜು ಒಪ್ಪಿದೆ! ಐದೇ ಚಕ್ಕುಲಿ!"

ಚೌಡಮ್ಮ ಆರನೆಯದನ್ನು ಗಬಕ್ಕನೆ ಬಾಯಿಗೆ ಹಾಕಿಕೊಂಡಳು.

"ಏನೇ ಅದು ಕರುಂಕುರುಂ?" ಅಂದಳು ಚೆಲುವಿ.

"ಏನಿಲ್ಲ ಅತ್ತೆ," ಅಂದಳು ಚೌಡಮ್ಮ. "ನಡೆಯಿರಿ."

ಕತ್ತಲಾದ್ದರಿಂದ ನಕ್ಷತ್ರದ ನಾಚಿಕೆ ಹೋಗಿತ್ತು. ಟವೆಲ್ ಕೊಟ್ಟು ಮುಂದೆ ಮುಂದೆ ನಡೆಯಿತು. ಒಂದು ಓಣಿ ತಿರುಗಿತು, ಇನ್ನೊಂದು ಓಣಿ ತಿರುಗಿತು, ಒಂದು ಹಿತ್ತಲಿಗೆ ಹೋಗಿ ಬಾನಿಯ ಪಕ್ಕ ನಿಂತಿತು.

ಬಾನಿಯ ಅಂಚು ಒಂದು ಕಡೆ ಒಡೆದಿತ್ತು. ಅದನ್ನು ಒಡೆದವಳು ಚೆಲುವಿ, ಹೋದ ವರ್ಷ.

"ಇದು ನನ್ನ ಮನೆ!" ಅಂದಳು ಚೌಡಮ್ಮ.

"ಬನ್ನಿ, ಬನ್ನಿ," ಅಂದಿತು ಮನೆ. ಬೀಗ ತಾನಾಗಿ ಕಳಚಿಕೊಂಡಿತು. "ಕೈಕಾಲು ತೊಳೆದುಕೊಳ್ಳಿ. ನೀರು ಬಿಸಿ ಇದೆ."

"ನನ್ನ ಮನೆಗೆ ನಾನು ಚಕ್ಕುಲಿ ಕೊಡಬೇಕಾ? ನಾನು ಒಲ್ಲೆ!"

"ಗೊತ್ತಾದ ಮೇಲೆ ಒಲ್ಲೆ ಅನ್ನುವಂತಿಲ್ಲ," ಅಂದಿತು ಫೋನು. ಅಷ್ಟು ಹೇಳಿ ಮಲಗಿಬಿಟ್ಟಿತು.

"ನೀವೇ ಬೀಗ ಹಾಕಿ ಹೋದಿರಿ," ಅಂದಿತು ಮನೆ. "ಒಳಗೆ ಹಾಸಿಗೆಗಳೆಲ್ಲ ಖಾಲಿ. ಖಾಲಿ ಇದ್ದ ಮೇಲೆ ನಾನು ಲಾಡ್ಜು. ರಾಜನ ಮಾತು ಮೀರಲು ಆಗುತ್ತದಾ?"

"ಬೆಳಗಿನಿಂದ ಆರು ಬೇಕು ಅಂತ ಕೂತಿದ್ದು ನೀನೇನಾ?"

"ನಾನೇ. ನನ್ನನ್ನು ಕಟ್ಟಿದಾಕೆ ಗಾರೆಗೆ ಅದನ್ನೇ ಬೆರೆಸಿದ್ದಳು. ನಾನೇನು ಮಾಡಲಿ? ಸಂಜೆಯಾಯಿತು, ಒಳಗೆಲ್ಲ ಕತ್ತಲು, ಯಾರ ಸದ್ದೂ ಇಲ್ಲ. ನನಗೆ ತಡೆಯಲಾಗಲಿಲ್ಲ. ಸೋತೆ." ಮನೆ ಕಿಟಕಿಗಳನ್ನು ಕಿರಿದು ಮಾಡಿ ಅವಳನ್ನು ನೋಡಿತು. "ಇನ್ನೊಂದು ಗಳಿಗೆ ತಡೆದಿದ್ದರೆ ನೀವೇ ಆರು ಕೊಡುತ್ತಿದ್ದಿರೋ ಏನೋ."

"ಎಂದಿಗೂ ಇಲ್ಲ," ಅಂದಳು ಚೌಡಮ್ಮ. ತುಟಿಯ ಮೇಲಿನ ಎಳ್ಳನ್ನು ಸೆರಗಿನಿಂದ ಒರೆಸಿಕೊಂಡಳು. ಸಿಟ್ಟು ಮಾಡಬೇಕು ಅಂತ ನೋಡಿದಳು, ಬರಲಿಲ್ಲ. ಎಂಥ ಮನೆ ಕಟ್ಟಿದ್ದೀನಪ್ಪ ಅಂತ ಒಳಗೊಳಗೇ ಹಿಗ್ಗು ಬಂತು.

ಕಾಲು ತೊಳೆದು, ಅಭ್ಯಾಸದಂತೆ ನೇರ ಅಡುಗೆಮನೆಗೆ ಹೋದಳು. ಹೊಸ್ತಿಲು ಎದ್ದು ಅಡ್ಡ ನಿಂತಿತು.

"ಲಾಡ್ಜಿಗೆ ಬಂದವರು ಅಡುಗೆಮನೆಗೆ ಬರಬಾರದು."

ಒಳಗೆ ಹೋದವನು ಮರಿಯಪ್ಪ. ಮನೆಯಾಕೆ ಅವನೇ ಅಂತ ಬರೆದಿತ್ತಲ್ಲ. ಸೌಟು ಹೇಳಿಕೊಟ್ಟಿತು, ಅವನು ಮಾಡಿದ. ಅನ್ನ ಮುದ್ದೆಯಾಯಿತು. ಸಾರು ನೀರಾಯಿತು. ಚೆಲುವಿ ಮಣೆಯ ಮೇಲೆ ಕೂತು, "ಅಯ್ಯೋ ಮರಿಯಪ್ಪ, ನಿಮ್ಮಮ್ಮ ಇದನ್ನೇ ಕಲಿಸಿದ್ದಾ?" ಅಂತ ಹಂಗಿಸಿದಳು. ಅವನ ಅಮ್ಮ ಸೀರೆಯ ಜೋಲಿಯಲ್ಲಿ ಬೆರಳು ಚೀಪುತ್ತಾ ಮಲಗಿದ್ದಳು.

ಚೌಡಮ್ಮ ಉಂಡಳು. ಬಡಿಸುವವರು ಬೇರೆ ಇದ್ದರೆ ಎರಡನೆಯ ಸಲ ಕೇಳಬಹುದು ಅಂತ ಅವಳಿಗೆ ಅವತ್ತು ತಿಳಿಯಿತು. ಎರಡನೆಯ ಸಲ ಕೇಳಿದಳು.

ಮರಿಯಪ್ಪ ಹಾಸಿಗೆ ಹಾಸಿದ. ಸೊಟ್ಟಗೆ ಹಾಸಿದ. ದಿಂಬನ್ನು ಕಾಲಿನ ಕಡೆ ಇಟ್ಟಿದ್ದ. ಚೌಡಮ್ಮನ ಕೈ ಅದನ್ನು ಸರಿಮಾಡಲು ಹೊರಟಿತು. ಅವಳು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು, ದಿಂಬಿದ್ದ ಕಡೆಗೇ ತಲೆಯಿಟ್ಟು ಮಲಗಿದಳು.

ಮರಿಯಪ್ಪ ಒದ್ದೆ ಕೈಯನ್ನು ಪಂಚೆಗೆ ಒರೆಸುತ್ತಾ ಬಾಗಿಲಲ್ಲಿ ಬಂದು ನಿಂತ. ತನ್ನ ಕೈಯಾರೆ ಬಡಿಸಿದವನು. ಆದರೂ ಕೇಳಿದ.

"ಊಟ ಆಯ್ತಾ ಚೌಡಿ?"

"ಹೂಂ," ಅಂದಳು. ಅಷ್ಟರೊಳಗೆ ಅವಳಿಗೆ ನಿದ್ದೆ ಬಂದಿತ್ತು. ಅರಮನೆಯಲ್ಲಿ ರಾಜನೂ ಮೂಗು ಒರೆಸಿಕೊಂಡು ಮಲಗಿದ.

ಬೆಳಗಾಯಿತು. ಚೌಡಮ್ಮ ಡಬ್ಬಿಯಿಂದ ಐದು ಚಕ್ಕುಲಿ ತೆಗೆದು ಮನೆಗೆ ಕೊಟ್ಟಳು. ಮನೆ ಎಣಿಸಿಕೊಂಡು, ಎಲ್ಲಿಡುವುದು ಅಂತ ಯೋಚಿಸಿ, ಅದೇ ಡಬ್ಬಿಯಲ್ಲಿ ಇಟ್ಟಿತು.

"ನಮ್ಮ ಲಾಡ್ಜಿಗೆ ಎಷ್ಟು ನಕ್ಷತ್ರ ಕೊಡುತ್ತೀರಿ ತಾಯಿ?"

"ಸಾರಿಗೆ ಉಪ್ಪಿರಲಿಲ್ಲ. ಒಂದು," ಅಂತ ಹೇಳಿ, ಹಿತ್ತಲಲ್ಲಿ ನಿಂತಿದ್ದ ನಕ್ಷತ್ರವನ್ನು ತಂದು ಬಾಗಿಲ ಮೇಲಿನ ಮೊಳೆಗೆ ನೇತುಹಾಕಿದಳು.

"ಇವತ್ತೂ ಇರುತ್ತೀರಾ?" ಅಂತ ಮನೆ ಆಸೆಯಿಂದ ಕೇಳಿತು.

ಚೌಡಮ್ಮ ಸೊಟ್ಟ ಹಾಸಿಗೆಯ ಮೇಲೆ ಇನ್ನೊಮ್ಮೆ ಕಾಲು ಚಾಚಿದಳು.

"ಇರುತ್ತೇನೆ. ನಾಲ್ಕು ಚಕ್ಕುಲಿ."

"ನಾಲ್ಕಾ? ಆಗುವುದಿಲ್ಲ."

"ಹಾಗಾದರೆ," ಅಂದಳು ಚೌಡಮ್ಮ, ಕಣ್ಣು ಮುಚ್ಚಿಕೊಂಡು, "ಏನಾದರೂ ಬದಲಾಯಿಸಿಕೊಂಡು ಬಾ."

ಮನೆ ಬಹಳ ಹೊತ್ತು ಯೋಚಿಸಿತು. ಆಮೇಲೆ ತೆಂಕಣ ಗೋಡೆಯ ಕಿಟಕಿಯನ್ನು ಕಿತ್ತು ಬಡಗಣ ಗೋಡೆಗೆ ಹಾಕಿತು. ಚೌಡಮ್ಮ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿದಳು. ಮನೆ ಬಾಗಿಲನ್ನು ಕಿತ್ತು ಮಾಡಿಗೆ ಹಾಕಿತು. ಇನ್ನೂ ಒಪ್ಪಂದವಾಗಿಲ್ಲ. ನೀವು ಆ ಕಡೆ ಹೋದರೆ, ಏಣಿ ಹಾಕಿಕೊಂಡು ಒಳಗೆ ಇಳಿಯಬೇಕಾದ ಒಂದು ಮನೆ ಕಾಣುತ್ತದೆ. ಅದೇ ಅದು.

ಇದರ ನೀತಿ ಏನಪ್ಪ ಅಂದರೆ, ಗಾರೆ ಕಲಸುವಾಗ ಸುಣ್ಣ ಸಾಕಷ್ಟು ತಂದಿಟ್ಟುಕೊಳ್ಳಿ.

ಕತೆಗೆ ಹಾಸಿಗೆ ಸಿಕ್ಕಿತು, ಅದು ಮಲಗಿತು. ಇನ್ನು ನೀವೂ ಏಳಿ, ನಿಮ್ಮ ಹಾಸಿಗೆ ಖಾಲಿ ಇದೆ, ಆ ರಾಜ ಪಾಪ ಅಳುತ್ತಾನೆ.