ಮುಚ್ಚಳದ ಮನೆತನ

ಕೆರೆಯ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಯೊಂದಿದೆ, ಡಯಾಟಮ್ ಎಂದು ಹೆಸರು. ಅದು ಗಾಜಿನ ಡಬ್ಬಿಯೊಳಗೆ ಬದುಕುತ್ತದೆ. ಒಂದು ಒಡೆದು ಎರಡಾಗುವಾಗ ಒಬ್ಬರಿಗೆ ದೊಡ್ಡ ಮುಚ್ಚಳ, ಇನ್ನೊಬ್ಬರಿಗೆ ಸಣ್ಣ ತಳ. ತಳ ಸಿಕ್ಕವರು ಅದನ್ನೇ ಮುಚ್ಚಳ ಮಾಡಿಕೊಂಡು ಅದರೊಳಗೆ ಇನ್ನೂ ಸಣ್ಣ ತಳ ಕಟ್ಟಿಕೊಳ್ಳಬೇಕು, ಹಾಗಾಗಿ ಅವರ ಡಬ್ಬಿ ಸುತ್ತು ಸುತ್ತಿಗೂ ಕುಗ್ಗುತ್ತದೆ. ತಲೆತಲಾಂತರದಿಂದ ತಳವೇ ಪಾಲಿಗೆ ಬಂದ ಮನೆಯಲ್ಲಿ ಹುಟ್ಟಿದವಳು ಕೆಂಚವ್ವ. ಅವಳ ಡಬ್ಬಿ ಎಷ್ಟು ಕಿರಿದೆಂದರೆ, ಇನ್ನೊಂದು ಸುತ್ತು ಕುಗ್ಗಿದರೆ ಸಾಯುವುದೇ ಸರಿ.

ಮುಚ್ಚಳದ ಮನೆಯ ದೊಡ್ಡಪ್ಪನ ಬಳಿ ಹೋಗಿ, “ಉಸಿರು ಕಟ್ಟುತ್ತಿದೆ ದೊಡ್ಡಪ್ಪ,” ಎಂದಳು.

“ಮುತ್ತಜ್ಜನ ಕಾಲದ ಡಬ್ಬಿ ಮಗಳೇ. ಆ ಕೆತ್ತನೆಯ ಅಂದ ನೋಡು.”

“ಕೆತ್ತನೆ ಹೊರಗಿದೆ. ನಾನು ಒಳಗಿದ್ದೇನೆ.”

“ನನಗೆಂದೂ ಇಕ್ಕಟ್ಟಾಗಲಿಲ್ಲವಲ್ಲ.”

“ನಿಮಗೆ ಮುಚ್ಚಳ ಸಿಕ್ಕಿತ್ತು.”

“ಅದು ನನ್ನ ಯೋಗ್ಯತೆ,” ಎಂದ ದೊಡ್ಡಪ್ಪ. ಹುಟ್ಟುವಾಗ ಮೇಲುಗಡೆ ಬಿದ್ದುಕೊಂಡಿದ್ದ, ಅಷ್ಟೇ ಅವನ ಯೋಗ್ಯತೆ.

ಕೆಂಚವ್ವ ಡಬ್ಬಿಯನ್ನು ಒದ್ದು ಬಿಸಾಡಿದಳು. ಬರಿಮೈಯಲ್ಲಿ ಉಬ್ಬಿದಳು, ಇನ್ನೂ ಉಬ್ಬಿದಳು, ದೊಡ್ಡಪ್ಪನನ್ನೂ ಮೀರಿದಳು. ಆಮೇಲೆ ತನ್ನ ಮೈಯಳತೆಗೆ ಹೊಸ ಡಬ್ಬಿ ಕಟ್ಟಿಕೊಂಡಳು. ಮುಚ್ಚಳವೂ ಅವಳದೇ, ತಳವೂ ಅವಳದೇ.

ಅವಳ ನೆರಳಿನಲ್ಲಿ ಸಿಕ್ಕಿಕೊಂಡ ದೊಡ್ಡಪ್ಪ, “ಸ್ವಲ್ಪ ಸರಿಯಮ್ಮಾ, ಬಿಸಿಲಿಗೆ ಅಡ್ಡವಾಗಿದ್ದೀಯ,” ಎಂದ.

“ಕೆರೆ ದೊಡ್ಡದಿದೆ ದೊಡ್ಡಪ್ಪ,” ಎಂದಳು ಕೆಂಚವ್ವ, “ಈ ಸಲ ನೀವೇ ಸರಿಯಿರಿ.”