ತಾರೀಕು ಕಾಯುತ್ತಿದ್ದ ಬ್ಯಾಟರಿ

ಇಪ್ಪತ್ತೆಂಟು ವರ್ಷ ಉಗ್ರಾಣದಲ್ಲಿ ಬಿದ್ದಿದ್ದ ಕಂಪ್ಯೂಟರನ್ನು ರಿಪೇರಿ ಮಾಡಲೆಂದು ವಾರಿಜಾ ಬಿಚ್ಚಿದಳು. ಅದರ ಬೋರ್ಡಿನ ಮೇಲಿದ್ದ ಪುಟ್ಟ ಬ್ಯಾಟರಿಯ ಬಳಿಗೆ ಬೆಸುಗೆ ಬಿಡಿಸುವ ಸೋಲ್ಡರಿಂಗ್ ಐರನ್ ಬಂತು.

"ಮುಟ್ಟಬೇಡ," ಎಂದಿತು ಬ್ಯಾಟರಿ. "ಕರೆಂಟು ಹೋದಾಗಲೆಲ್ಲ ಈ ಕಂಪ್ಯೂಟರಿನ ಗಡಿಯಾರ ನಡೆಸಿದವನು ನಾನು. ನಾನಿಲ್ಲದಿದ್ದರೆ ಇವನಿಗೆ ತಾರೀಕೇ ತಿಳಿಯದು."

"ನೀನು ಖಾಲಿಯಾಗಿ ಎಷ್ಟು ವರ್ಷವಾಯಿತು, ಅಜ್ಜ?" ಎಂದಿತು ಐರನ್.

"ಖಾಲಿಯಾದರೇನು, ಜಾಗ ಬಿಟ್ಟಿಲ್ಲವಲ್ಲ!"

"ಅದೇ ತೊಂದರೆ. ಕೆಳಗೆ ನೋಡು."

ಬ್ಯಾಟರಿ ನೋಡಿತು. ತನ್ನಿಂದಲೇ ಸೋರಿದ ರಸ ಬೋರ್ಡಿನಲ್ಲಿ ಕರೆಂಟು ಹರಿಯುವ ಮೂರು ತಾಮ್ರದ ಗೆರೆಗಳನ್ನು ತಿಂದುಹಾಕಿತ್ತು. ನಾಲ್ಕನೆಯದು ಹಸಿರುಗಟ್ಟುತ್ತಿತ್ತು.

"ಇವನು ಮತ್ತೆ ಏಳುತ್ತಾನೆಯೇ?" ಎಂದು ಮೆಲ್ಲಗೆ ಕೇಳಿತು.

"ನೀನು ಇಳಿದರೆ."

"ಹಾಗಾದರೆ ಬೇಗ ಬಿಸಿಯಾಗು, ಮಾರಾಯ."

ವಾರಿಜಾ ಬ್ಯಾಟರಿಯನ್ನು ಬಿಡಿಸಿ ಮೇಜಿನ ಮೇಲಿಟ್ಟಳು. ಬೋರ್ಡನ್ನು ವಿನೆಗರ್ ಹಚ್ಚಿ ಉಜ್ಜಿದಳು, ಕಡಿದ ಗೆರೆಗಳಿಗೆ ತಂತಿ ಬೆಸೆದಳು, ಸ್ವಿಚ್ ಒತ್ತಿದಳು. ಕಂಪ್ಯೂಟರ್ ಎದ್ದಿತು. ಪರದೆಯ ಮೇಲೆ ಅದು ಮೊದಲು ಕೇಳಿದ್ದೇ ತಾರೀಕನ್ನು. ಈಗ ನನ್ನನ್ನು ಕರೆಯಲೇಬೇಕು ಎಂದುಕೊಂಡಿತು ಬ್ಯಾಟರಿ.

ವಾರಿಜಾ ಗೋಡೆಯ ಕ್ಯಾಲೆಂಡರ್ ನೋಡಿ ಎಂಟು ಅಂಕಿ ಒತ್ತಿದಳು. ಕಂಪ್ಯೂಟರ್ ಮುಂದಿನ ಕೆಲಸಕ್ಕೆ ಹೋಯಿತು.

"ಇಷ್ಟೇನಾ?" ಎಂದಿತು ಬ್ಯಾಟರಿ.